1,700 ಕೋಟಿಯ ರಸ್ತೆ ಊರಿಗೆ ಬಂತು, ನನ್ನ ಗಲ್ಲಾಪೆಟ್ಟಿಗೆಗೆ ಯಾಕೆ ಬರಲಿಲ್ಲ?

ಪ್ರಶ್ನೆ: ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಸಿಮೆಂಟು, ಪೈಪು, ಪೈಂಟು, ಮೊಳೆ, ತಗಡು ಎಲ್ಲ ಇಟ್ಟಿದ್ದೇನೆ. ಭಾವನದು ಉಪ್ಪಳದ ಹತ್ತಿರ ಹೆದ್ದಾರಿ ಬದಿಯಲ್ಲಿ ಚಾ-ತಿಂಡಿಯ ಹೋಟೆಲು. ಹೆದ್ದಾರಿ ಅಗಲ ಮಾಡುವ ಕೆಲಸ ಜೋರಾಗಿದ್ದಾಗ ಭಾವನಿಗೆ ಕೂರಲು ಪುರುಸೊತ್ತಿರಲಿಲ್ಲ. ನನಗೆ ಮಾತ್ರ ಒಂದು ಚೀಲ ಸಿಮೆಂಟೂ ಜಾಸ್ತಿ ಹೋಗಲಿಲ್ಲ. ಈಗ ಕೆಲಸದವರು ಹೋದರು, ಭಾವ ನೊಣ ಹೊಡೆಯುತ್ತಾ ಕೂತಿದ್ದಾನೆ. ನನಗೋ, ಆಗಲೂ ಅಷ್ಟೇ, ಈಗಲೂ ಅಷ್ಟೇ. ಕಟ್ಟಡ ಕೆಲಸ ನಡೆದರೆ ಊರಿನ ಎಲ್ಲ ವ್ಯವಹಾರವೂ ನಡೆಯುತ್ತದೆ ಅಂತ ಪೇಪರಿನಲ್ಲಿ ಬರೆಯುತ್ತಾರೆ. ಹಾಗಾದರೆ ನನಗೆ ಯಾಕೆ ಏನೂ ಬರಲಿಲ್ಲ? ಮಗ ಸಾಲ ಮಾಡಿ ಇನ್ನೊಂದು ಪಿಕಪ್ ತೆಗೆಯೋಣ, ಟೈಲ್ಸ್ ಶೋರೂಮ್ ಹಾಕೋಣ ಅನ್ನುತ್ತಿದ್ದಾನೆ. ಹಾಕಬಹುದಾ?

ಉತ್ತರ: ನಿಮ್ಮ ಭಾವನಿಗೆ ಸಿಕ್ಕಿದ್ದು ಕೂಲಿಯ ದುಡ್ಡು. ನೀವು ಕಾದು ಕೂತದ್ದು ಸಾಮಾನಿನ ದುಡ್ಡಿಗೆ. ಎರಡೂ ಒಂದೇ ಕಾಮಗಾರಿಯಿಂದ ಹೊರಟವು, ಹೋದ ದಾರಿ ಮಾತ್ರ ಬೇರೆ. ಅರ್ಧ ಉತ್ತರ ಇಷ್ಟೇ. ಉಳಿದರ್ಧ ಉದ್ದ ಇದೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರನ್ನು ಆರು ಪಥ ಮಾಡುವ ಗುತ್ತಿಗೆ ಹಿಡಿದದ್ದು ಊರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಸೊಸೈಟಿ. ವಡಗರದ ಕಡೆ 1925ರಲ್ಲಿ ಕೂಲಿ ಕೆಲಸದವರೇ ಸೇರಿ ಕಟ್ಟಿದ ಸಹಕಾರಿ ಸಂಘ ಅದು. ಗುತ್ತಿಗೆ ಮೊತ್ತ ಸುಮಾರು 1,700 ಕೋಟಿ. ಇಷ್ಟು ದೊಡ್ಡ ಕೆಲಸಕ್ಕೆ ಸಿಮೆಂಟು 50 ಕಿಲೋ ಚೀಲದಲ್ಲಿ ಬರುವುದಿಲ್ಲ. ಫ್ಯಾಕ್ಟರಿಯಿಂದ ಬಲ್ಕರ್ ಲಾರಿಯಲ್ಲಿ ಬಂದು ನೇರ ಮಿಕ್ಸಿಂಗ್ ಪ್ಲಾಂಟಿಗೆ ಇಳಿಯುತ್ತದೆ. ಕಬ್ಬಿಣ ಕಂಪನಿಯಿಂದಲೇ ಲೋಡುಗಟ್ಟಲೆ. ಜಲ್ಲಿ ಕ್ರಷರಿನಿಂದ, ಡಾಮರು ಟ್ಯಾಂಕರಿನಲ್ಲಿ. ಇದರಲ್ಲಿ ಊರಿನ ಅಂಗಡಿಗೆ ಎಲ್ಲಿಯ ಪಾಲು? ಬಹಳ ಅಂದರೆ ಒಂದಿಷ್ಟು ಕಟ್ಟಿಂಗ್ ಬ್ಲೇಡು, ಬೈಂಡಿಂಗ್ ವಯರು, ಮಳೆಗಾಲಕ್ಕೆ ಗಮ್‌ಬೂಟು.

ಆದರೆ ಚಾ ಬಲ್ಕರಿನಲ್ಲಿ ಬರುವುದಿಲ್ಲವಲ್ಲ. ಕೆಲಸದವನಿಗೆ ಬೆಳಿಗ್ಗೆ ಪರೋಟ ಬೇಕು, ಬಾಡಿಗೆಗೆ ಕೋಣೆ ಬೇಕು, ಮೊಬೈಲಿಗೆ ರೀಚಾರ್ಜ್ ಬೇಕು, ಭಾನುವಾರ ಕೋಳಿ ಬೇಕು. ಅದೆಲ್ಲ ಕಾಲ್ನಡಿಗೆಯ ದೂರದಲ್ಲೇ ಆಗಬೇಕು. ಹಾಗಾಗಿ ಭಾವನ ಹೋಟೆಲು ತುಂಬಿತು. ಕ್ಯಾಂಪು ಎದ್ದ ದಿನ ಖಾಲಿಯೂ ಆಯಿತು.

ಹೆದ್ದಾರಿಯ ದುಡ್ಡು ನಿಮಗೆ ಬರಲೇ ಇಲ್ಲ ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಜಾಗ ಬಿಟ್ಟುಕೊಟ್ಟವರಿಗೆ ಪರಿಹಾರ ಬಂತಲ್ಲ, ಅದೂ ಹೆದ್ದಾರಿಯ ದುಡ್ಡೇ. ಕೇರಳದಲ್ಲಿ ಜಾಗ ದುಬಾರಿ ಎಂಬ ಕಾರಣಕ್ಕೆ ಭೂಸ್ವಾಧೀನದ ಖರ್ಚಿನಲ್ಲಿ ಶೇ. 25ನ್ನು ರಾಜ್ಯ ಸರ್ಕಾರವೇ ಹಾಕಬೇಕಾಯಿತು. ರಸ್ತೆ ಬದಿಯ ಮನೆ ಕಳೆದುಕೊಂಡವರು ಒಳಗೆ ಎಲ್ಲೋ ಹತ್ತು ಸೆಂಟ್ಸ್ ತೆಗೆದು ಮನೆ ಕಟ್ಟಿದರು. ನಿಮ್ಮ ಹಳೆ ಬಿಲ್ ಪುಸ್ತಕ ತೆಗೆದು ನೋಡಿ. ಆ ವರ್ಷಗಳಲ್ಲಿ ಕುಂಬಳೆ, ಬಂದ್ಯೋಡು ಕಡೆಯ ಹೊಸ ಗಿರಾಕಿಗಳು ನಾಲ್ಕು ಜನರಾದರೂ ಇರಬಹುದು. ರಸ್ತೆಯ ಸಿಮೆಂಟು ನಿಮ್ಮಲ್ಲಿಂದ ಹೋಗಲಿಲ್ಲ, ರಸ್ತೆಯಿಂದ ಎದ್ದ ಮನೆಯ ಸಿಮೆಂಟು ಹೋಗಿರುತ್ತದೆ.

ಈ ಥರ ಯಾವ ಉದ್ಯಮದ ದುಡ್ಡು ಯಾವ ಉದ್ಯಮಕ್ಕೆ ಹೋಗುತ್ತದೆ ಅಂತ ದೊಡ್ಡ ಕೋಷ್ಟಕ ಮಾಡಿ ತೋರಿಸಿದವರು ವಾಸ್ಸಿಲಿ ಲಿಯೊಂಟಿಯೆಫ್. ರಷ್ಯಾದಿಂದ ಅಮೆರಿಕಕ್ಕೆ ಹೋದ ಅರ್ಥಶಾಸ್ತ್ರಜ್ಞ, 1973ರಲ್ಲಿ ನೊಬೆಲ್ ಬಂತು. ಆಮೇಲೆ ಆಲ್ಬರ್ಟ್ ಹಿರ್ಷ್‌ಮನ್ ಎಂಬವರು ಅದಕ್ಕೆ ಎರಡು ಹೆಸರು ಕೊಟ್ಟರು: ಹಿಂದಿನ ಕೊಂಡಿ, ಮುಂದಿನ ಕೊಂಡಿ. ಒಂದು ಉದ್ಯಮ ಬೇರೆಯವರಿಂದ ಸಾಮಾನು ಎಳೆದುಕೊಂಡರೆ ಹಿಂದಿನ ಕೊಂಡಿ. ತಾನು ಮಾಡಿದ್ದನ್ನು ಬೇರೆ ಉದ್ಯಮಕ್ಕೆ ಕಚ್ಚಾ ಸಾಮಾನಾಗಿ ಕೊಟ್ಟರೆ ಮುಂದಿನ ಕೊಂಡಿ. ಕಟ್ಟಡ ಕೆಲಸದ ಹಿಂದಿನ ಕೊಂಡಿ ತುಂಬಾ ಗಟ್ಟಿ. ಮುಂದಿನದ್ದು ಅಷ್ಟಕ್ಕಷ್ಟೆ. ಸಿಮೆಂಟಿನವನಿಗೆ ಮನೆ ಬೇಕು, ಮನೆಗೆ ಸಿಮೆಂಟು ಬೇಕು. ಆದರೆ ಕಟ್ಟಿ ಮುಗಿದ ಮನೆಯನ್ನು ಯಾವ ಫ್ಯಾಕ್ಟರಿಯೂ ಕಚ್ಚಾ ಸಾಮಾನಾಗಿ ಕೊಳ್ಳುವುದಿಲ್ಲ. ರಸ್ತೆ, ಸೇತುವೆ, ಗೋಡೌನು ಆದರೆ ಕತೆ ಬೇರೆ, ಅವು ಆಮೇಲೂ ವ್ಯಾಪಾರ ಹುಟ್ಟಿಸುತ್ತವೆ.

ಕೋಷ್ಟಕದಲ್ಲಿ ಕಾಣದ್ದು ಒಂದಿದೆ. ಎಳೆದುಕೊಳ್ಳುತ್ತದೆ, ನಿಜ. ಎಲ್ಲಿಂದ ಎಳೆಯುತ್ತದೆ? ನಮ್ಮ ಊರಿಗೆ ಮುಖ್ಯವಾದ ಪ್ರಶ್ನೆ ಅದು.

ನಮ್ಮ ಕಡೆಯ ಒಂದು ಸಾಧಾರಣ ಮನೆ ತೆಗೆದುಕೊಳ್ಳಿ, 1000 ಚದರಡಿ. ಇಂಜಿನಿಯರುಗಳ ಬಾಯಿಲೆಕ್ಕದಲ್ಲಿ ಸುಮಾರು 400 ಚೀಲ ಸಿಮೆಂಟು. ಕಂಬ-ಬೀಮಿನ ಮನೆಯಾದರೆ ಮೂರೂವರೆ, ನಾಲ್ಕು ಟನ್ ಕಬ್ಬಿಣ. ಕೆಂಪುಕಲ್ಲಿನ ಗೋಡೆಯೇ ಭಾರ ಹೊರುವ ಹಾಗೆ ಕಟ್ಟಿದರೆ ಕಬ್ಬಿಣ ಇನ್ನೂ ಕಮ್ಮಿ ಸಾಕು. ಕಾಸರಗೋಡಿನ ಮನೆ ಬೇರೆ ಊರಿನ ಮನೆಗಿಂತ ಭಿನ್ನವಾಗುವುದೇ ಈ ಕಲ್ಲಿನಲ್ಲಿ.

ಕೆಂಪುಕಲ್ಲು, ಹಳಬರ ಬಾಯಲ್ಲಿ ಮುರಕಲ್ಲು. ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಶಬ್ದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಕೆಳದಿಯ ಶಿವಪ್ಪ ನಾಯಕ ಬೇಕಲದ ಕೋಟೆ ಕಟ್ಟಿಸಿದ್ದು ಇದೇ ಕಲ್ಲಿನಲ್ಲಿ, ಬುಕಾನನ್ನನಿಗಿಂತ ಒಂದೂವರೆ ಶತಮಾನ ಹಿಂದೆ. ಹೆಸರು ಗೊತ್ತಿಲ್ಲದೆಯೂ ಕೋಟೆ ನಿಂತಿತು!

ಈ ಕಲ್ಲಿಗೆ ಕೊಟ್ಟ ದುಡ್ಡು ಬೇಗ ಊರು ಬಿಟ್ಟು ಹೋಗುವುದಿಲ್ಲ. ಕೋರೆ ನಮ್ಮ ಪದವಿನಲ್ಲೇ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲೇ ಇದೆ. ಜಾಗದ ಯಜಮಾನ ಇಲ್ಲಿಯವನು. ಕಡಿಯುವ ಮೆಷಿನು ಬಾಡಿಗೆಗೆ ಕೊಟ್ಟವನು ಪಕ್ಕದ ಊರಿನವನು. ಟಿಪ್ಪರಿನ ಡ್ರೈವರ್ ನಿಮಗೆ ಪರಿಚಯದವನೇ ಇರಬಹುದು. ಲೋಡು ಇಳಿಸುವವರಿಗೆ ಊರಲ್ಲೇ ಮನೆ, ಊರಲ್ಲೇ ಅಂಗಡಿ ಬಾಕಿ. ಮೆಷಿನಿನ ಬ್ಲೇಡಿಗೆ, ಡೀಸೆಲಿಗೆ ಕೊಟ್ಟದ್ದು ಮಾತ್ರ ಹೊರಗೆ ಹೋಗುತ್ತದೆ. ಒಂದು ಗೋಡೆಯ ಖರ್ಚು ಹತ್ತು ಮನೆಗೆ ಹಂಚಿಹೋಗುತ್ತದೆ ಅಂದರೆ ತಪ್ಪಲ್ಲ.

ಸಿಮೆಂಟಿನದ್ದು ಇದಕ್ಕೆ ಪೂರ್ತಿ ಉಲ್ಟಾ. ಸುಣ್ಣಕಲ್ಲು ಇರುವುದು ಕಲಬುರಗಿ ಕಡೆ, ತಮಿಳುನಾಡಿನ ಅರಿಯಲೂರು ಕಡೆ, ಆಂಧ್ರದಲ್ಲಿ. ಕೇರಳದಲ್ಲಿ ಸುಣ್ಣಕಲ್ಲಿನಿಂದಲೇ ಸಿಮೆಂಟು ಮಾಡುವುದು ವಾಳಯಾರಿನ ಸರ್ಕಾರಿ ಫ್ಯಾಕ್ಟರಿ. ಕಾಸರಗೋಡಿಗೆ ಅದೂ ಹತ್ತಿರದ್ದಲ್ಲ. ನೀವು ಒಂದು ಚೀಲ ಮಾರಿದರೆ ನಿಮಗೆ ಉಳಿಯುವುದು ಕೆಲವು ರೂಪಾಯಿ ಕಮಿಷನ್, ಇಳಿಸಿದವನಿಗೆ ಒಂದಿಷ್ಟು ಕೂಲಿ, ಅಷ್ಟೇ. ಉಳಿದದ್ದು ಕಂಪನಿಗೆ, ಲಾರಿಗೆ, ತೆರಿಗೆಗೆ.

ಸಿಮೆಂಟಿನ ವಿಷಯ ಬಂದದ್ದಕ್ಕೆ ಒಂದು ಕುತೂಹಲದ ಕೊಂಡಿ ಹೇಳಿಬಿಡುತ್ತೇನೆ. ಪಿಪಿಸಿ ಎಂಬ ಬಗೆಯ ಸಿಮೆಂಟಿನ ಚೀಲದ ಮೇಲೆ ಫ್ಲೈ ಆಶ್ ಅಂತ ಬರೆದಿರುತ್ತದೆ, ಓದಿದ್ದೀರಾ? ಅದು ಕಲ್ಲಿದ್ದಲು ಸುಡುವ ಕರೆಂಟು ಫ್ಯಾಕ್ಟರಿಯ ಬೂದಿ. ಪಡುಬಿದ್ರಿ ಹತ್ತಿರದ ಎಲ್ಲೂರಿನಲ್ಲಿ ಇದೆಯಲ್ಲ, ಅಂಥದ್ದರಲ್ಲಿ ಬರುವ ಬೂದಿ. ಈ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಬೂದಿ ಇರಬಹುದು ಅಂತ ನಿಯಮವೇ ಇದೆ. ಮೊದಲು ಎಲ್ಲಿ ಚೆಲ್ಲುವುದು ಅಂತ ತಲೆನೋವಾಗಿದ್ದ ವಸ್ತು ಈಗ ನಿಮ್ಮ ಗೋದಾಮಿನಲ್ಲಿ ಚೀಲ ಸೇರಿ ಕೂತಿದೆ. ಉಕ್ಕಿನ ಫ್ಯಾಕ್ಟರಿಯ ಕಿಟ್ಟವೂ ಹಾಗೇ, ಸ್ಲ್ಯಾಗ್ ಸಿಮೆಂಟಿಗೆ ಹೋಗುತ್ತದೆ. ಊರಿನಲ್ಲಿ ಮನೆ ಕಟ್ಟುವುದು ನಿಂತರೆ ಕರೆಂಟು ಫ್ಯಾಕ್ಟರಿಯವನಿಗೆ ಬೂದಿ ಸಾಗಿಸುವ ಚಿಂತೆ ಶುರುವಾಗುತ್ತದೆ. ವಿಚಿತ್ರ ಅಲ್ವಾ?

ಪ್ಲೈವುಡ್ಡಿನದ್ದು ಇನ್ನೊಂದು. ನಮ್ಮಲ್ಲಿಗೆ ಬರುವ ಪ್ಲೈ ಬಹಳಷ್ಟು ಪೆರುಂಬಾವೂರಿನದ್ದು. ಅದಕ್ಕೆ ರಬ್ಬರ್ ಮರ ಬೇಕು. ರಬ್ಬರಿನ ಧಾರಣೆ ಬಿದ್ದರೆ ಬೆಳೆಗಾರ ಮರ ಕಡಿಸುತ್ತಾನೆ, ಪ್ಲೈವುಡ್ಡಿನವನಿಗೆ ಮರ ಸಿಗುತ್ತದೆ. ಹಾಲು ಸಿಗದ ಮರ ಅಡುಗೆ ಮನೆಯ ಕಪಾಟಾಗುತ್ತದೆ. ಬೆಳ್ಳೂರು, ಕಾರಡ್ಕ ಕಡೆಯ ಗುಡ್ಡದಲ್ಲಿ ರಬ್ಬರ್ ಹಾಕಿದವರಿಗೆ ಈ ಕೊಂಡಿ ಚೆನ್ನಾಗಿ ಗೊತ್ತು. ಟೈಲ್ಸ್ ಗುಜರಾತಿನ ಮೋರ್ಬಿಯದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಹಂಚು ಮಾತ್ರ ನಮ್ಮದೇ ಆಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆಯ ಜೇಡಿಮಣ್ಣು, ಕಾಡಿನ ಸೌದೆ, ಕರಾವಳಿಯ ಕೂಲಿ, ದೋಣಿಯಲ್ಲಿ ಸಾಗಾಟ. ಹಂಚಿನ ಅಡಿಗೆ ಪಕ್ಕಾಸು, ರೀಪು; ರೀಪಿಗೆ ನಮ್ಮ ಅಡಿಕೆ ಮರದ ಸಲಾಕೆಯೂ ಆಗುತ್ತಿತ್ತು. ಮುಪ್ಪಾದ ಅಡಿಕೆ ಮರಕ್ಕೂ ಬೆಲೆ ಇತ್ತು. ತಾರಸಿ ಬಂದ ಮೇಲೆ ಆ ಸರಪಳಿ ತುಂಡಾಯಿತು. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅದೇ ಅಳತೆಯ ಮಾಡಿಗೆ ನಾವು ಕೊಡುವ ದುಡ್ಡು ಈಗ ನಾಲ್ಕಾರು ನೂರು ಕಿಲೋಮೀಟರು ಆಚೆ ಹೋಗುತ್ತದೆ. ಹಳೆಯದೇ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಮಂಗ ಹಾರಿ ಹಂಚು ಒಡೆದು, ನಡುರಾತ್ರಿ ಪಾತ್ರೆ ಇಟ್ಟು ನೀರು ಹಿಡಿದವನು ನಾನು. ದುಡ್ಡಿನ ದಾರಿ ಬದಲಾಯಿತು ಅನ್ನುವುದಷ್ಟೇ ಮಾತು.

ಈಗ ಕೂಲಿ. ಮನೆಯ ಖರ್ಚಿನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಕೂಲಿಗೆ ಹೋಗುತ್ತದೆ. ದೇಶದಲ್ಲಿ ದುಡಿಯುವ ನೂರು ಜನರಲ್ಲಿ 12–13 ಮಂದಿ ಕಟ್ಟಡ ಕೆಲಸದಲ್ಲಿದ್ದಾರೆ. ಕೇರಳದಲ್ಲಿ ಕೂಲಿ ಜಾಸ್ತಿ. ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ 2022–23ರಲ್ಲಿ ಹಳ್ಳಿಯ ಕಟ್ಟಡ ಕೆಲಸದವನ ದಿನಗೂಲಿ ಕೇರಳದಲ್ಲಿ 852 ರೂಪಾಯಿ, ದೇಶದ ಸರಾಸರಿ 393. ಎರಡು ಪಟ್ಟಿಗಿಂತಲೂ ಮೇಲೆ. ಬಂಗಾಳ, ಅಸ್ಸಾಂ, ಒಡಿಶಾದವರು ಮೂರು ದಿನ ರೈಲಿನಲ್ಲಿ ಕೂತು ಬರುವುದು ಸುಮ್ನೆ ಅಲ್ಲ. 2013ರಲ್ಲಿ ತಿರುವನಂತಪುರದ ಗುಲಾಟಿ ಹಣಕಾಸು ಮತ್ತು ತೆರಿಗೆ ಅಧ್ಯಯನ ಸಂಸ್ಥೆಯವರು ಮಾಡಿದ ಅಂದಾಜಿನಲ್ಲಿ ಕೇರಳದಲ್ಲಿ ಹೊರರಾಜ್ಯದ ಕೆಲಸದವರು 25 ಲಕ್ಷ, ಅವರು ವರ್ಷಕ್ಕೆ ಊರಿಗೆ ಕಳಿಸುತ್ತಿದ್ದ ದುಡ್ಡು 17,500 ಕೋಟಿ. ಗಲ್ಫಿನಿಂದ ನಮಗೆ ಹೇಗೋ, ಹಾಗೇ ನಮ್ಮಿಂದ ಅವರಿಗೆ. ನಾವೂ ಯಾರಿಗೋ ಒಂದು ಗಲ್ಫ್.

ಹಾಗಾಗಿ ಕೂಲಿಯ ದುಡ್ಡೆಲ್ಲ ಊರಲ್ಲೇ ಉಳಿಯುತ್ತದೆ ಅಂತ ಅಂದುಕೊಳ್ಳಬೇಡಿ. ಊಟ, ಕೋಣೆ, ಬೀಡಿ, ಬಸ್ಸಿನ ಖರ್ಚು ಇಲ್ಲಿ. ಉಳಿದದ್ದು ಶನಿವಾರ ಸಂಜೆ ಫೋನಿನಲ್ಲೇ ಮುರ್ಷಿದಾಬಾದಿಗೆ. ಊರಿನ ಮೇಸ್ತ್ರಿಗಳು, ಆಚಾರಿಗಳು, ವಯರಿಂಗಿನವರು ಪಡೆದ ಕೂಲಿ ಮಾತ್ರ ಇಲ್ಲೇ ಸುತ್ತುತ್ತದೆ: ಮಕ್ಕಳ ಫೀಸು, ಮೀನು, ಚಿಟ್ಟಿ, ಚಿನ್ನ.

ಕೂಲಿಯಿಂದ ಹೊರಡುವ ಇನ್ನೊಂದು ಕೊಂಡಿ ನಮ್ಮ ತೋಟಕ್ಕೆ ಹೋಗಿ ಮುಟ್ಟುತ್ತದೆ. ಅಡಿಕೆ ಕೊಯ್ಲು ನವೆಂಬರಿನಿಂದ ಬೇಸಗೆಯವರೆಗೆ. ಮನೆ ಕಟ್ಟುವ ಹಂಗಾಮೂ ಅದೇ, ಮಳೆ ಬಿಟ್ಟ ಮೇಲೆ ಮುಂದಿನ ಮಳೆಯ ಒಳಗೆ. ಇಬ್ಬರಿಗೂ ಅದೇ ಗಟ್ಟಿ ಆಳುಗಳು ಬೇಕು. ಸೆಂಟ್ರಿಂಗ್ ಕೆಲಸಕ್ಕೆ ಹೋದರೆ ಕೂಲಿ ಜಾಸ್ತಿ ಅಂತಾದರೆ ಮರ ಹತ್ತಲು ಯಾರು ಬರುತ್ತಾರೆ? ತೋಟದವರು ಕೂಲಿ ಏರಿಸಬೇಕಾಯಿತು. ಏರಿಸಿಯೂ ಜನ ಸಿಗದಾಗ ಕಾರ್ಬನ್ ಫೈಬರಿನ ದೋಟಿ ಬಂತು. ನೆಲದಲ್ಲೇ ನಿಂತು ಕೊಯ್ಯುವುದು, ಮದ್ದು ಬಿಡುವುದು. ದೋಟಿ ಬಂದದ್ದಕ್ಕೆ ಎಲ್ಲರೂ ತಂತ್ರಜ್ಞಾನದ ಕತೆ ಹೇಳುತ್ತಾರೆ. ನಾನು ಅದರಲ್ಲಿ ಕಟ್ಟಡ ಕೆಲಸದ ಕೂಲಿಯ ಕತೆಯನ್ನೂ ಓದುತ್ತೇನೆ.

ಪೇಪರಿನವರು ಬರೆಯುವ, ಒಂದು ರೂಪಾಯಿ ಹಾಕಿದರೆ ಎರಡು ರೂಪಾಯಿ ಹುಟ್ಟುತ್ತದೆ ಎಂಬ ಮಾತನ್ನು ಈಗ ತೂಗಿ ನೋಡಬಹುದು. ಒಬ್ಬರು ಒಂದು ಲಕ್ಷ ಖರ್ಚು ಮಾಡಿದರು ಎಂದಿಟ್ಟುಕೊಳ್ಳಿ. ಅದರಲ್ಲಿ 40 ಸಾವಿರ ಊರಲ್ಲಿ ಉಳಿಯಿತು. ಅದನ್ನು ಪಡೆದವರೂ ನೂರಕ್ಕೆ 40ರಂತೆ ಊರಲ್ಲೇ ಖರ್ಚು ಮಾಡಿದರೆ 16 ಸಾವಿರ. ಮುಂದಿನ ಸುತ್ತಿಗೆ 6,400. ಹೀಗೆ ಸವೆಯುತ್ತಾ ಹೋಗಿ ಒಟ್ಟು ಕೂಡಿಸಿದರೆ ಮೊದಲಿನ ಒಂದು ಲಕ್ಷವೂ ಸೇರಿ 1 ಲಕ್ಷ 67 ಸಾವಿರದ ಹತ್ತಿರ ನಿಲ್ಲುತ್ತದೆ. ಪ್ರತಿ ಸುತ್ತಿನಲ್ಲೂ ನೂರಕ್ಕೆ 60 ಉಳಿದರೆ ಎರಡೂವರೆ ಲಕ್ಷ. 20 ಮಾತ್ರ ಉಳಿದರೆ ಬರೇ ಒಂದೂಕಾಲು ಲಕ್ಷ. ಲೆಕ್ಕದ ಸೂತ್ರ ಒಂದೇ. ತೂತು ಎಷ್ಟು ದೊಡ್ಡದು ಎನ್ನುವುದೇ ಎಲ್ಲ.

ಈ ಕಣ್ಣಿನಲ್ಲಿ ನೋಡಿದರೆ ದೊಡ್ಡ ಬಂಗಲೆಗಿಂತ ಸಣ್ಣ ಮನೆ ಊರಿಗೆ ಲಾಭ. ಕೇರಳ ಸರ್ಕಾರದ ಲೈಫ್ ಯೋಜನೆಯಲ್ಲಿ ಒಂದು ಮನೆಗೆ 4 ಲಕ್ಷ, ಅದೂ ಕಂತಿನಲ್ಲಿ. ಆ ಮನೆಯವರು ಸಿಮೆಂಟು ತರುವುದು ಹತ್ತು ಹತ್ತು ಚೀಲ, ಹತ್ತಿರದ ಅಂಗಡಿಯಿಂದ, ಅರ್ಧ ಕಡ. ಅಡಿಪಾಯದಿಂದ ಸಾರಣೆಯವರೆಗೆ ಊರಿನ ಮೇಸ್ತ್ರಿಯೇ. ಎರಡು ಕೋಟಿಯ ಬಂಗಲೆಗೆ ಆರ್ಕಿಟೆಕ್ಟ್ ಮಂಗಳೂರಿನವನು, ಅಡುಗೆ ಮನೆ ಬೆಂಗಳೂರಿನದ್ದು, ಮಾರ್ಬಲ್ ರಾಜಸ್ಥಾನದ್ದು. ಕೊನೆಗೆ ಗೇಟಿನ ಬೀಗ ನಿಮ್ಮಲ್ಲಿ ತೆಗೆದರೆ ಪುಣ್ಯ. ಆ ಗೇಟಿಗೆ ಬೀಗ ಬೀಳುವುದೂ ಜಾಸ್ತಿ. 2011ರ ಜನಗಣತಿಯಲ್ಲಿ ಕೇರಳದ ಸುಮಾರು 1.12 ಕೋಟಿ ಕಟ್ಟಡಗಳಲ್ಲಿ 11 ಲಕ್ಷಕ್ಕಿಂತ ಜಾಸ್ತಿ ಖಾಲಿ ಇದ್ದವು. ಖಾಲಿ ಮನೆಗೆ ಹಾಲು ಬೇಡ, ಪೇಪರು ಬೇಡ, ಬಲ್ಬೂ ಬೇಡ. ಕಟ್ಟುವಾಗ ಒಮ್ಮೆ ದುಡ್ಡು ಬಂತು, ಮನೆ ಒಕ್ಕಲಿನ ಊಟ ಮುಗಿಯಿತು, ಅಲ್ಲಿಗೆ ಕತೆಯೂ ಮುಗಿಯಿತು.

ಪೇಪರಿನವರು ಹೇಳುವುದಕ್ಕೂ ನಾನು ಹೇಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅವರು ಕಟ್ಟಡ ಕೆಲಸವನ್ನು ಒರತೆ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದು ತೋಡು. ನೀರು ಬರುವುದು ಬೇರೆ ಕಡೆಯಿಂದ. ಒಂದು ಗಲ್ಫ್, ಇನ್ನೊಂದು ಅಡಿಕೆ. 2023ರ ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಹೊರದೇಶದಲ್ಲಿರುವ ಕೇರಳದವರು ಸುಮಾರು 22 ಲಕ್ಷ, ಅವರು ಕಳಿಸಿದ ದುಡ್ಡು 2 ಲಕ್ಷ 16 ಸಾವಿರ ಕೋಟಿಗೂ ಮೇಲೆ. ಉಪ್ಪಳ, ಕುಂಬಳೆ, ಮೊಗ್ರಾಲಿನ ಸಾಲು ಮನೆಗಳಿಗೆ ನೀರು ಬಂದದ್ದು ಅಲ್ಲಿಂದ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಗೆ ಅಡಿಕೆಯಿಂದ. 2021ರಲ್ಲಿ ಹಳೆ ಚಾಲಿ ಅಡಿಕೆ ಕಿಲೋಗೆ 500 ದಾಟಿದಾಗ ನಿಮ್ಮ ದಾರಿಯಲ್ಲಿ ಎಷ್ಟು ಮನೆಯ ಅಂಗಳಕ್ಕೆ ಇಂಟರ್‌ಲಾಕ್ ಬಿತ್ತು, ಎಷ್ಟು ತಾರಸಿಗೆ ಶೀಟು ಏರಿತು, ನೆನಪು ಮಾಡಿಕೊಳ್ಳಿ. ಎಲೆಚುಕ್ಕಿ ರೋಗ, ಹಳದಿ ರೋಗ ಹೊಕ್ಕ ತೋಟದವನು ಮೇಲಿನ ಮಹಡಿಯನ್ನು ಮುಂದಿನ ವರ್ಷಕ್ಕೆ ದೂಡುತ್ತಾನೆ. ಅವನು ದೂಡಿದ್ದು ನಿಮಗೆ ಗೊತ್ತಾಗುವುದು ಆರು ತಿಂಗಳು ಕಳೆದು, ಪೈಪು ಹೋಗದಿದ್ದಾಗ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಅದರ ನಂತರ ಮನೆಗಳು ಜಾಸ್ತಿ ಎದ್ದಾವು ಅಂತ ಕೆಲವರು ಹೇಳಿದರು. ಲೆಕ್ಕ ಹಾಕಿ. ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ 384 ಇದ್ದದ್ದು 354 ಆಯಿತು. 400 ಚೀಲಕ್ಕೆ 12 ಸಾವಿರ ಉಳಿತಾಯ. 25 ಲಕ್ಷ ಹಾಕುವವನು 12 ಸಾವಿರಕ್ಕೆ ಮುಹೂರ್ತ ಇಡಿಸುತ್ತಾನಾ? ಅಡಿಕೆ ಕಿಲೋಗೆ 50 ರೂಪಾಯಿ ಏರಿದರೆ ಇಡಿಸುತ್ತಾನೆ.

ಹಾಗಂತ ತೋಡು ಕಟ್ಟಿಹೋದರೆ ತೊಂದರೆ ಇಲ್ಲ ಅಂತ ಅಲ್ಲ. 2020ರಲ್ಲಿ ನೋಡಿದೆವು. ಲಾಕ್‌ಡೌನಿನ ಹೊತ್ತಿಗೆ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗೆ ಹೋಗುವವರಿಗೇ ದಾರಿ ಇರಲಿಲ್ಲ, ಟೈಲ್ಸ್ ಎಲ್ಲಿಂದ ಬರಬೇಕು? ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಕಟ್ಟಡ ವಲಯ ಶೇ. 50.3ರಷ್ಟು ಕುಸಿಯಿತು ಅಂತ ಸರ್ಕಾರದ ಮೊದಲ ಅಂದಾಜು ಹೇಳಿತು. ಅದೇ ಮೂರು ತಿಂಗಳಲ್ಲಿ ಕೃಷಿ ಶೇ. 3.4ರಷ್ಟು ಏರಿತ್ತು. ತೋಟದ ಕೆಲಸ ನಿಲ್ಲಲಿಲ್ಲ, ಗೋಡೆಯ ಕೆಲಸ ನಿಂತಿತು. ಗಡಿಯ ಊರಿನಲ್ಲಿ ಕಟ್ಟಡ ಕೆಲಸದ ಕೊಂಡಿಗಳೆಲ್ಲ ತಲಪಾಡಿ ಎಂಬ ಒಂದು ಬಾಗಿಲಿನಲ್ಲೇ ಹಾದುಹೋಗುತ್ತವೆ ಎನ್ನುವುದು ಆಗ ಗೊತ್ತಾಯಿತು. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟ್ ಎದ್ದುಹೋದ ಮೇಲೆ ನಾವು ಆ ಬಾಗಿಲನ್ನು ಮರೆತೇಬಿಟ್ಟಿದ್ದೆವು.

ಕೊಂಡಿ ಅಂದ ಮಾತ್ರಕ್ಕೆ ಎಲ್ಲವೂ ಲಾಭದ್ದಲ್ಲ, ಅದನ್ನೂ ಹೇಳಬೇಕು. ಗದ್ದೆ ತುಂಬಿಸಲು ಗುಡ್ಡದ ಮಣ್ಣು, ಗುಡ್ಡ ತಟ್ಟು ಮಾಡಿದಲ್ಲಿ ಮನೆ. ಗದ್ದೆ ಉಳಿಸಲು 2008ರಲ್ಲಿ ಕೇರಳದಲ್ಲಿ ಕಾನೂನೇ ಬಂತು, ಹೊಳೆಯ ಹೊಯಿಗೆಗೆ ಅದಕ್ಕೂ ಮೊದಲು, 2001ರಲ್ಲಿ. ಹೊಯಿಗೆ ಕಷ್ಟವಾದಾಗ ಕಲ್ಲು ಪುಡಿ ಮಾಡಿ ತೆಗೆಯುವ ಎಂ-ಸ್ಯಾಂಡ್ ಬಂತು, ಅಂದರೆ ಹೊಳೆಯ ಭಾರ ಕರಿಕಲ್ಲಿನ ಕೋರೆಯ ಮೇಲೆ ಬಿತ್ತು. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಜರಿದದ್ದು ನಿಮಗೆ ನೆನಪಿರಬಹುದು. ನನಗೆ ಜಾಸ್ತಿ ಹೆದರಿಕೆ ಮುರಕಲ್ಲಿನ ಪದವಿನದ್ದು. ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡ ಕೊರೆದ ಸುರಂಗಗಳಲ್ಲಿ ಕರೆಂಟಿಲ್ಲದೆ ನೀರು ಹರಿದು ಬರುವುದು ಈ ಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿಯುವುದರಿಂದ. ಮೇಲಿನ ಕಲ್ಲನ್ನೆಲ್ಲ ಕಡಿದು ಗೋಡೆ ಮಾಡಿದರೆ ಕೆಳಗಿನ ತೋಟಕ್ಕೆ ನೀರು ಯಾರು ಕೊಡುತ್ತಾರೆ? ತೋಟ ಒಣಗಿದರೆ ಅಡಿಕೆ ಇಲ್ಲ, ಅಡಿಕೆ ಇಲ್ಲದಿದ್ದರೆ ಮನೆ ಇಲ್ಲ. ಈ ಕೊಂಡಿ ಯಾವ ಕೋಷ್ಟಕದಲ್ಲೂ ಇಲ್ಲ.

ಇನ್ನು ನಿಮ್ಮ ಮಗನ ಮಾತು. ಟೈಲ್ಸ್ ಶೋರೂಮ್ ಬೇಡ. ಟೈಲ್ಸ್ ನೋಡಲು ಹೋಗುವುದು ಈಗ ಮದುವೆಯ ಸೀರೆ ತೆಗೆಯಲು ಹೋದ ಹಾಗೆ ಆಗಿದೆ. ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಕಾರು ತುಂಬಿ ಮಂಗಳೂರಿಗೆ ಹೊರಡುತ್ತಾರೆ, ಐಸ್‌ಕ್ರೀಮ್ ತಿಂದು ಬರುತ್ತಾರೆ. ಅವರನ್ನು ನೀವು ನಿಲ್ಲಿಸಲಾರಿರಿ. ನಾನೇ ಹಾಗೆ ಹೋಗಿ ಅಲ್ಲಿಯ ಒಂದು ಅಂಗಡಿಯಿಂದ ತಂದೆ. ಎರಡು ಪೆಟ್ಟಿಗೆ ಕಮ್ಮಿ ಬಿತ್ತು. ತಿರುಗಿ ಹೋದರೆ ಅದೇ ಡಿಸೈನು, ಬೇರೆ ಬ್ಯಾಚು, ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ. ಅಂಗಡಿಯವನು ಇಷ್ಟೂ ಕಾಣುವುದಿಲ್ಲ ಸಾರ್ ಅಂದ. ನಮ್ಮ ಮನೆಯ ದೇವರ ಕೋಣೆಯ ಕಪಾಟು ಈಗ ಎಲ್ಲಿದೆ ಅಂದರೆ, ಆ ವ್ಯತ್ಯಾಸ ಇರುವಲ್ಲಿ. ಗಿರಾಕಿಗೆ ಇಷ್ಟು ಕಷ್ಟವಾದರೆ ಸ್ಟಾಕ್ ಇಟ್ಟವನ ಪಾಡು ನೋಡಿ. ಹೋಗದ ಡಿಸೈನು, ಒಡೆದ ತುಂಡು, ಹಳೆ ಬ್ಯಾಚು ಎಲ್ಲ ಅವನ ಬಡ್ಡಿಯಲ್ಲೇ ಕೂತಿರುತ್ತದೆ.

ಪಿಕಪ್ ತೆಗೆಯಬಹುದು, ಆದರೆ ಹೊಸ ಮನೆಗಳನ್ನು ನಂಬಿ ಅಲ್ಲ. ಊರಿನಲ್ಲಿ ಇಪ್ಪತ್ತು, ಮೂವತ್ತು ವರ್ಷದ ತಾರಸಿ ಮನೆಗಳು ಎಷ್ಟಿವೆ! ಗಲ್ಫಿನ ದುಡ್ಡಿನಲ್ಲಿ ಎದ್ದವು. ಎಲ್ಲ ಸೋರುವ ವಯಸ್ಸಿಗೆ ಬಂದಿವೆ. ಗಲ್ಫಿನಲ್ಲಿ ಕೆಲಸ ಹೋದರೂ, ಅಡಿಕೆ ಬಿದ್ದರೂ ಸೋರುವ ಮಾಡನ್ನು ಯಾರೂ ಎರಡು ಮಳೆಗಾಲ ಬಿಡುವುದಿಲ್ಲ. ವಾಟರ್‌ಪ್ರೂಫಿಂಗ್, ತಾರಸಿ ಮೇಲಿನ ಟ್ರಸ್ ಪೈಪು, ಶೀಟು, ತೋಟದ ಸ್ಪ್ರಿಂಕ್ಲರ್, ಮೋಟರಿನ ಬಿಡಿಭಾಗ ಇವು ನಿಮ್ಮ ವ್ಯಾಪಾರ. ಅಡಿಕೆ ಒಣಗಿಸಲು ತಾರಸಿಗೆ ಪಾರದರ್ಶಕ ಶೀಟು ಹಾಕಿಸುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ, ಅದಂತೂ ತೋಟವೂ ಹೌದು, ಕಟ್ಟಡವೂ ಹೌದು. ಶೀಟು, ಪೈಪು ಉದ್ದದ ಸಾಮಾನು. ಮಂಗಳೂರಿನಿಂದ ಒಂದೊಂದು ತರಲು ಆಗುವುದಿಲ್ಲ. ಪಿಕಪ್ ಇದ್ದವನಿಗೆ ಅಲ್ಲಿ ಬೆಲೆ.

ಸಾಲಕ್ಕೆ ಸಹಿ ಹಾಕುವ ಮೊದಲು ಎರಡು ಕೆಲಸ ಮಾಡಿ. ಪಂಚಾಯತಿನಲ್ಲಿ ಈ ಆರು ತಿಂಗಳಲ್ಲಿ ಎಷ್ಟು ಮನೆಗೆ ಪರ್ಮಿಟ್ ಆಗಿದೆ, ಹಿಂದಿನ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ಅಂತ ಕೇಳಿ. ಇವತ್ತಿನ ಪರ್ಮಿಟ್ ಅಂದರೆ ಮುಂದಿನ ಹಂಗಾಮಿನ ಸಿಮೆಂಟು. ಮತ್ತೆ, ನಿಮ್ಮ ಕಡದ ಪುಸ್ತಕ ತೆಗೆದು ಬಾಕಿ ಇರುವವರ ಹೆಸರಿನ ಎದುರು ಅವರ ದುಡ್ಡು ಎಲ್ಲಿಂದ ಬರುತ್ತದೆ ಅಂತ ಬರೆಯಿರಿ: ಗಲ್ಫ್, ಅಡಿಕೆ, ಸಂಬಳ, ಕೂಲಿ, ಲೈಫ್ ಕಂತು. ಅರ್ಧಕ್ಕಿಂತ ಜಾಸ್ತಿ ಹೆಸರಿನ ಎದುರು ಒಂದೇ ಶಬ್ದ ಬಂದರೆ ಪಿಕಪ್ ಒಂದು ವರ್ಷ ತಡೆಯಲಿ.